ವೆಂಕಟಗಿರಿರಾಯರ ಏರ್ ಸಸ್ಪೆನ್ಷನ್

ರಾಜಾಜಿನಗರ ಮೂರನೇ ಬ್ಲಾಕಿನ ನಮ್ಮ ಅಡ್ಡರಸ್ತೆಯಲ್ಲಿ ಎಪ್ಪತ್ತಾರನೇ ಇಸವಿಯವರೆಗೆ ಇದ್ದ ವಾಹನಗಳೆಂದರೆ ಹತ್ತಾರು ಸೈಕಲ್ಲು, ಒಂದು ಸ್ಕೂಟರು, ಮುನಿತಾಯಮ್ಮನ ತರಕಾರಿ ಗಾಡಿ. ಆ ವರ್ಷ ಶ್ರಾವಣದಲ್ಲಿ ವೆಂಕಟಗಿರಿರಾಯರ ಮನೆ ಮುಂದೆ ಒಂದು ಜರ್ಮನ್ ಕಾರು ಬಂದು ನಿಂತಿತು. ಎಷ್ಟು ಉದ್ದದ ಕಾರೆಂದರೆ, ಅದರ ಮೂತಿ ರಾಯರ ಗೇಟಿನ ಮುಂದಿದ್ದರೆ ಬಾಲ ಪಕ್ಕದ ಅನಂತಲಕ್ಷ್ಮಮ್ಮನವರ ರಂಗೋಲಿಯ ಮೇಲಿರುತ್ತಿತ್ತು.

ರಾಯರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅಂಥವರಿಗೆ ಜರ್ಮನ್ ಕಾರು ಹೇಗೆ ಬಂತು ಎಂದು ನೀವು ಅನುಮಾನ ಪಡಬೇಕಾಗಿಲ್ಲ, ಇಡೀ ಬೀದಿ ಆಗಲೇ ಪಟ್ಟು ಮುಗಿಸಿತ್ತು. ಯಾವುದೋ ಅನಾಥಾಲಯದ ಸಹಾಯಾರ್ಥ ಮಾಡಿದ ಲಾಟರಿಯಲ್ಲಿ ರಾಯರು ಒಂದು ಟಿಕೆಟ್ ಕೊಂಡಿದ್ದರು. ಅವರ ಕಣ್ಣಿದ್ದದ್ದು ಎರಡನೇ ಬಹುಮಾನವಾದ ಹೊಲಿಗೆ ಯಂತ್ರದ ಮೇಲೆ. ಬಂದದ್ದು ಮೊದಲನೇದು. ಊರಿಗೆ ವಾಪಸು ಹೊರಟಿದ್ದ ಜರ್ಮನ್ ಎಂಜಿನಿಯರೊಬ್ಬ ದಾನ ಕೊಟ್ಟು ಹೋದ ಕಾರು. ರಾಯರ ಹೆಂಡತಿ ಸೀತಮ್ಮ ಒಂದು ವಾರ ಆ ಹೊಲಿಗೆ ಯಂತ್ರ ಗೆದ್ದವರು ಯಾರೆಂದು ವಿಚಾರಿಸುತ್ತಿದ್ದರು.

ರಾಯರು ಮಾತ್ರ ಕೆಂಗೇರಿ ರಸ್ತೆಯಲ್ಲಿ ಒಂದು ತಿಂಗಳು ಡ್ರೈವಿಂಗ್ ಕಲಿತು, ಮೂರು ಮೈಲಿಗಲ್ಲುಗಳನ್ನು ಓರೆ ಮಾಡಿ, ಲೈಸೆನ್ಸ್ ಪಡೆದರು. ಕಾರಿನ ವಿಶೇಷವೆಂದರೆ, ಇಂಜಿನ್ ಹಾಕಿದರೆ ಅದು ‘ಭುಸ್’ ಎಂದು ನಾಲ್ಕು ಬೆರಳು ಮೇಲೇಳುತ್ತಿತ್ತು.

“ನಮ್ಮ ಕಾರು ಗಾಳಿ ಮೇಲೆ ಕೂತಿದೆ ಕಣ್ರೀ,” ಎಂದು ರಾಯರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. “ಹಳ್ಳಕ್ಕೆ ಬಿದ್ರೂ ಹೊಟ್ಟೇಲಿರೋ ಕಾಫಿ ಅಲ್ಲಾಡಲ್ಲ.”

ಅಷ್ಟರಲ್ಲಿ ಮಗಳು ಕೋಕಿಲಾಗೆ ವಿಜಯನಗರದಲ್ಲಿ ಸಂಬಂಧ ಕುದುರಿತು. ಹುಡುಗ ಶ್ಯಾಮಸುಂದರ, ಬ್ಯಾಂಕಿನ ಕೆಲಸ. ಅವನ ತಂದೆ ಲಕ್ಷ್ಮೀಪತಿಯವರು ನಿವೃತ್ತ ಹೆಡ್‌ಮಾಸ್ಟರು, ಮೂವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿ ತಿದ್ದಿ ಹುಬ್ಬು ಮೇಲೆಯೇ ನಿಂತುಬಿಟ್ಟಿದ್ದ ಮನುಷ್ಯ. ಭಾನುವಾರ ನಿಶ್ಚಿತಾರ್ಥ ಎಂದು ಗೊತ್ತಾಯಿತು. ರಾಯರು ಉತ್ಸಾಹದ ಭರದಲ್ಲಿ, “ನೀವು ಆಟೋಗೀಟೋ ನೋಡಬೇಡಿ. ನಾನೇ ಬಂದು ಗಾಳಿ ಮೇಲೆ ಕರ್ಕೊಂಡು ಬರ್ತೀನಿ,” ಎಂದು ಬೀಗರಿಗೆ ಮಾತು ಕೊಟ್ಟರು.

ಸೋಮವಾರ ಬೆಳಗಿನ ಜಾವ ರಾಯರು ಹಲ್ಲುಜ್ಜುತ್ತ ಹೊರಗೆ ಬಂದರೆ, ಕಾರು ಕಾವಿಗೆ ಕೂತ ಕೋಳಿಯ ಹಾಗೆ ನೆಲ ಹಿಡಿದು ಕೂತಿತ್ತು. ಇಂಜಿನ್ ಹಾಕಿದರು. ‘ಭುಸ್’ ಎನ್ನುವ ಬದಲು ‘ಕುಯ್’ ಎಂದಿತು. ಮೇಲೇಳಲಿಲ್ಲ.

ಸೈಕಲ್ ಹತ್ತಿ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಉಗ್ರಪ್ಪನನ್ನು ಕರೆತಂದರು. ಉಗ್ರಪ್ಪ ಬೊಂಬಾಯಿಯಲ್ಲಿ ಹತ್ತು ವರ್ಷ ವಿದೇಶಿ ಕಾರುಗಳ ಕೆಳಗೆ ಮಲಗಿ ಬಂದವನು. ಈ ಕಾರಿನ ಕೆಳಗೆ ಮಲಗಲು ಜಾಗವೇ ಇರಲಿಲ್ಲವಾದ್ದರಿಂದ ನೆಲಕ್ಕೆ ಕಿವಿ ಕೊಟ್ಟು ಕೇಳಿದ.

“ಏರ್ ಸಸ್ಪೆನ್ಷನ್ ಹೋಗಿದೆ ಸಾರ್.”

“ಏನು ಹೋಗಿದೆ?”

“ಏರ್ ಸಸ್ಪೆನ್ಷನ್. ಬೇರೆ ಕಾರಲ್ಲಿ ಸ್ಪ್ರಿಂಗ್ ಇರ್ತದಲ್ಲ, ಇದರಲ್ಲಿ ಅದರ ಬದಲು ರಬ್ಬರ್ ಚೀಲ, ಒಳಗೆ ಗಾಳಿ. ನಾಲ್ಕೂ ಕಡೆ ಸೋರ್ತಾ ಇದೆ. ಹೊಸ ಚೀಲ ಜರ್ಮನಿಯಿಂದ ಬರಬೇಕು. ಇವತ್ತು ಪರ್ಮಿಟ್‌ಗೆ ಅರ್ಜಿ ಹಾಕಿದ್ರೆ ನಿಮ್ಮ ಮೊಮ್ಮಗನ ಮದುವೆಗೆ ಬರ್ತದೆ.”

“ಭಾನುವಾರ ಮಗಳ ನಿಶ್ಚಿತಾರ್ಥ ಕಣಯ್ಯ!”

“ಹಂಗಾದ್ರೆ ಗಾಳಿ ನಂಬಬೇಡಿ, ಕಬ್ಬಿಣ ನಂಬಿ. ಇದನ್ನ ತೆಗೆದು ಬಿಸಾಕಿ ಕಾಯಿಲ್ ಸ್ಪ್ರಿಂಗ್ ಹಾಕಿಕೊಡ್ತೀನಿ. ಮೂರು ದಿನ.”

ಬೀದಿ ಏಳುವ ಮೊದಲೇ ಒಂದು ಲಾರಿ ತರಿಸಿ ಕಾರನ್ನು ಎಳೆಸಿಕೊಂಡು ಹೋದ.

ಇಲ್ಲಿ ರಾಯರ ಒಂದು ಸ್ವಭಾವ ಹೇಳಬೇಕು. ಅವರಿಗೆ ಹೊಸ ಇಂಗ್ಲಿಷ್ ಪದವೊಂದು ಸಿಕ್ಕಿತೆಂದರೆ ಅದು ಸವೆಯುವ ತನಕ ಬಿಡುತ್ತಿರಲಿಲ್ಲ. ಹಿಂದಿನ ವರ್ಷ ‘ಅಲರ್ಜಿ’ ಎಂಬ ಪದ ಸಿಕ್ಕಾಗ ಮೂರು ತಿಂಗಳು ಬದನೆಕಾಯಿಯಿಂದ ಹಿಡಿದು ಷಡ್ಡಕನವರೆಗೆ ಎಲ್ಲವೂ ಅವರಿಗೆ ಅಲರ್ಜಿಯಾಗಿತ್ತು. ಈಗ ಏರ್ ಸಸ್ಪೆನ್ಷನ್ ಸಿಕ್ಕಿತು. ಕಾರಿನಲ್ಲಿ ಅಂಥದೊಂದು ವಸ್ತು ಇರುತ್ತದೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದ ಸಸ್ಪೆನ್ಷನ್ ಒಂದೇ, ಸರ್ಕಾರಿ ನೌಕರರಿಗೆ ಆಗುವಂಥದು. ಅದೂ ತುರ್ತುಪರಿಸ್ಥಿತಿಯ ಕಾಲ. ಆಫೀಸಿಗೆ ಹತ್ತು ನಿಮಿಷ ತಡವಾದರೂ ಗುಮಾಸ್ತರ ಎದೆ ಹೊಡೆದುಕೊಳ್ಳುತ್ತಿತ್ತು.

ಅವತ್ತು ಸಂಜೆ ರಾಯರು ಅನಂತಲಕ್ಷ್ಮಮ್ಮನವರ ಮನೆಗೆ ಹೋದರು. ಬೀದಿಗೆಲ್ಲ ಅವರ ಮನೆಯಲ್ಲೊಂದೇ ಫೋನು. ಉಗ್ರಪ್ಪನ ಶೆಡ್ಡಿನ ಪಕ್ಕದ ಮರದ ಮಿಲ್ಲಿಗೆ ಫೋನ್ ಮಾಡಿ ಅವನನ್ನು ಕರೆಸಿದರು. ಅನಂತಲಕ್ಷ್ಮಮ್ಮನವರು ಯಾರ ಫೋನನ್ನೂ ಕದ್ದು ಕೇಳುವವರಲ್ಲ, ಎದುರಿಗೇ ಕುರ್ಚಿ ಹಾಕಿಕೊಂಡು ಕೂತು ಕೇಳುವವರು. ಅವರಿಗೆ ಕೇಳಿಸಿದ್ದು ಇಷ್ಟು:

“ಉಗ್ರಪ್ಪನವರೇ, ಸಸ್ಪೆನ್ಷನ್ ವಿಷಯ ಏನಾಯ್ತು?... ಒಳಗೇ ಸೋರ್ತಾ ಇತ್ತಾ? ಎಷ್ಟು ದಿನದಿಂದ?... ಅಯ್ಯೋ, ನಂಗೆ ಗೊತ್ತೇ ಆಗ್ಲಿಲ್ಲವಲ್ಲ... ಹೇಗಾದ್ರೂ ಮಾಡಿ ತೆಗೆಸಿಬಿಡಿ. ಏನು ಕೊಡಬೇಕೋ ಕೊಡ್ತೀನಿ. ಬೀಗರ ಕಿವಿಗೆ ಮಾತ್ರ ಬೀಳಬಾರದು.”

ಫೋನ್ ಇಟ್ಟು ತಿರುಗಿದರೆ ಅನಂತಲಕ್ಷ್ಮಮ್ಮನವರ ಕಣ್ಣಲ್ಲಿ ನೀರು.

“ರಾಯರೇ, ನಿಜವಾಗ್ಲೂ ಸಸ್ಪೆನ್ಷನ್ನಾ?”

“ನಾಲ್ಕೂ ಕಡೆಯಿಂದ,” ಎಂದರು ರಾಯರು, ಆ ಪದವನ್ನು ಬಳಸುವ ಅವಕಾಶ ಸಿಕ್ಕಿದ ಸಣ್ಣ ಸಮಾಧಾನದಿಂದ. “ಏರ್ ಸಸ್ಪೆನ್ಷನ್.”

“ಯಾರ್ ಸಸ್ಪೆನ್ಷನ್?”

“ಏರ್! ನಮ್ಮದೇ! ಇನ್ಯಾರದು?”

ಮರುದಿನ ಬೆಳಿಗ್ಗೆ ಮುನಿತಾಯಮ್ಮ ಒಂದು ಕಟ್ಟು ದಂಟಿನಸೊಪ್ಪು ತಂದು ಸೀತಮ್ಮನ ಕೈಗೆ ತುರುಕಿದಳು. “ತಕ್ಕಳಿ ತಾಯಿ, ಧೈರ್ಯವಾಗಿರಿ.” ಹಿಂದೆಯೇ ಅನಂತಲಕ್ಷ್ಮಮ್ಮ ಬಂದರು.

“ಸೀತಾ, ಮನಸ್ಸಿಗೆ ಹಚ್ಕೋಬೇಡ ಕಣೇ.”

ಸೀತಮ್ಮ ಕಾರಿನ ವಿಷಯವೆಂದುಕೊಂಡು, “ನಂಗೇನು ಬೇಜಾರಿಲ್ಲ ಬಿಡಿ,” ಎಂದರು. “ಇದ್ದು ತಾನೇ ಏನು ಉಪಯೋಗವಿತ್ತು? ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತ್ಕೊಂಡು ಭುಸ್ ಅನ್ನೋದು, ಹೊಗೆ ಬಿಡೋದು. ಒಂದು ಕೆಲಸಕ್ಕೆ ಬರ್ತಿರ್ಲಿಲ್ಲ. ವಯಸ್ಸಾಯ್ತು, ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ಳೋಣ ಅಂದ್ರೆ ಯಾರೂ ತಗೊಳ್ಳಲ್ಲ.”

ಅನಂತಲಕ್ಷ್ಮಮ್ಮ ಎದೆ ಮೇಲೆ ಕೈಯಿಟ್ಟುಕೊಂಡು ಮನೆಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಸುದ್ದಿ ಬೆಳೆದು ನಿಂತಿತ್ತು. ರಾಯರಿಗೆ ಸಸ್ಪೆನ್ಷನ್ ಆಗಿದೆ, ಕಾರನ್ನು ಬೆಳಗಿನ ಜಾವ ಸರ್ಕಾರದವರು ಜಪ್ತಿ ಮಾಡಿ ಲಾರಿಯಲ್ಲಿ ಎಳೆದೊಯ್ದಿದ್ದಾರೆ, ಉಗ್ರಪ್ಪ ಎಂಬ ಭಾರಿ ಕುಳ ದುಡ್ಡು ತಗೊಂಡು ಸಸ್ಪೆನ್ಷನ್ ತೆಗೆಸಿಕೊಡುತ್ತಾನೆ, ಹೆಂಡತಿ ರಾಯರನ್ನು ಕೈಬಿಟ್ಟಿದ್ದಾಳೆ.

ರಾಯರು ಮಾತ್ರ ಬೀದಿಯ ಅಕ್ಕರೆ ಕಂಡು ಕರಗಿಹೋದರು. ಸ್ಕೂಟರಿನ ಮಾಲೀಕ ಚನ್ನವೀರಪ್ಪನವರು ಅವರ ಎರಡೂ ಕೈ ಹಿಡಿದು ಕೇಳಿದರು: “ಕಷ್ಟವಾಗ್ತಾ ಇದೆಯಾ ರಾಯರೇ?”

“ಅಭ್ಯಾಸ ಆಗಿಬಿಟ್ಟಿತ್ತು ನೋಡಿ. ಈಗ ಮನೆ ಮುಂದೆ ಬಿಕೋ ಅನ್ಸುತ್ತೆ.”

“ಆ ಉಗ್ರಪ್ಪ ಅಷ್ಟು ಮೇಲಿನವನಾ?”

“ಮೇಲಿನವನೆಲ್ಲಿ ಬಂತು, ಯಾವಾಗ್ಲೂ ಕೆಳಗೇ ಮಲಗಿರ್ತಾನೆ. ಆದ್ರೆ ಎಲ್ಲಾ ಕೆಲಸ ಅಲ್ಲಿಂದಲೇ.”

ಚನ್ನವೀರಪ್ಪನವರು ಬೆವರು ಒರೆಸಿಕೊಂಡರು. ಕೆಳಗೆ ಮಲಗಿಕೊಂಡೇ ಸರ್ಕಾರ ಅಲ್ಲಾಡಿಸುವ ಮನುಷ್ಯನನ್ನು ಅವರು ಕೇಳಿಯೂ ಇರಲಿಲ್ಲ.

ಬೀದಿಯ ಕಥೆ ಹೀಗಾದರೆ ಆಫೀಸಿನದು ಇನ್ನೊಂದು. ಸ್ಪ್ರಿಂಗ್ ಹಾಕುವಾಗ ಎದುರಿಗೇ ಇರಬೇಕೆಂದು ರಾಯರು ಮಂಗಳವಾರದಿಂದ ಮೂರು ದಿನ ರಜೆ ಹಾಕಿದ್ದರು. ಜ್ವರ ಎಂದು ಬರೆಯಬಹುದಿತ್ತು. ಆದರೆ ಸುಳ್ಳು ರಜೆಯವರನ್ನು ಮನೆಗೇ ಬಂದು ಹಿಡಿಯುತ್ತಾರೆಂಬ ವದಂತಿ. ಆದ್ದರಿಂದ ನಿಜವನ್ನೇ ಬರೆದರು: ‘ಈ ಬೆಳಿಗ್ಗೆ ನನಗೆ ಅನಿರೀಕ್ಷಿತವಾಗಿ ಏರ್ ಸಸ್ಪೆನ್ಷನ್ ಸಮಸ್ಯೆ ಉಂಟಾಗಿರುವುದರಿಂದ ಮೂರು ದಿನ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ.’

ಅರ್ಜಿ ಡೆಪ್ಯುಟಿ ಡೈರೆಕ್ಟರ್ ರೇವಣಸಿದ್ದಪ್ಪನವರ ಮೇಜಿಗೆ ಬಂತು. ಸಾಹೇಬರು ಅದನ್ನು ನಾಲ್ಕು ಸಲ ಓದಿದರು. ಹೆಡ್‌ಕ್ಲಾರ್ಕ್ ರಾಮಮ್ಮನವರನ್ನು ಕರೆದರು.

“ಏನಮ್ಮಾ ಇದು? ವೆಂಕಟಗಿರಿಗೆ ಸಸ್ಪೆನ್ಷನ್ ಆಗಿದೆಯಂತೆ. ನನಗೇ ಗೊತ್ತಿಲ್ಲ!”

“ಏರ್ ಸಸ್ಪೆನ್ಷನ್ ಅಂತ ಬರೆದಿದಾರಲ್ಲ ಸಾರ್,” ಎಂದರು ರಾಮಮ್ಮ. “ಏರ್ ಮೇಲ್‌ನಲ್ಲಿ ಬಂದಿರಬೇಕು. ನೇರ ದೆಹಲಿಯಿಂದ.”

ಸಾಹೇಬರಿಗೆ ಕುರ್ಚಿಯ ಕೆಳಗಿನ ನೆಲ ಜಾರಿದಂತಾಯಿತು. ದೆಹಲಿಯಿಂದ ವಿಮಾನದಲ್ಲಿ ಬರುವ ಸಸ್ಪೆನ್ಷನ್! ಇವತ್ತು ಗುಮಾಸ್ತನಿಗೆ ಬಂದದ್ದು ನಾಳೆ ತಮಗೂ ಬರಬಹುದು. ಮೊದಲೇ ಅವರಿಗೆ ಬೀದರಿಗೆ ವರ್ಗವಾಗುವ ಸೂಚನೆ ಬಂದು, ನಿದ್ದೆ ಕೆಟ್ಟಿತ್ತು.

“ಅದಿರಲಿ, ಸಸ್ಪೆಂಡ್ ಆದವನು ರಜೆ ಕೇಳಿದಾನಲ್ಲ, ಕೊಡಬಹುದಾ?”

ಎರಡು ದಿನ ಕಚೇರಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ರೂಲು ಪುಸ್ತಕಗಳ ಧೂಳಿಗೆ ಮೂವರು ಸೀನಿ ಸೀನಿ ಮನೆಗೆ ಹೋದರು. ಸಸ್ಪೆಂಡ್ ಆದವನಿಗೆ ರಜೆ ಕೊಡಬಹುದೆಂದೂ ಇರಲಿಲ್ಲ, ಕೊಡಬಾರದೆಂದು ಹೇಳಲು ಸಾಹೇಬರಿಗೆ ಧೈರ್ಯವೂ ಇರಲಿಲ್ಲ. ಕೊನೆಗೆ ಗುರುವಾರ ಮಧ್ಯಾಹ್ನ ಸಾಹೇಬರು ಹೆಡ್ಡಾಫೀಸಿಗೆ ಒಂದು ಕಾಗದ ಬರೆದರು: ‘ಸದರಿ ನೌಕರರ ಅಮಾನತ್ತಿನ ಆದೇಶದ ಪ್ರತಿ ಈ ಕಚೇರಿಗೆ ತಲುಪಿಲ್ಲ. ಕೂಡಲೇ ಕಳಿಸಿಕೊಡುವುದು.’ ಪ್ಯೂನ್ ಮರಿಯಪ್ಪ ಅದನ್ನು ಟಪಾಲು ಚೀಲಕ್ಕೆ ಹಾಕಿ ಸೈಕಲ್ ಹತ್ತಿದ.

ಅವನು ಗೇಟು ದಾಟುತ್ತಿದ್ದಂತೆ ಒಳಗೆ ಬಂದವರು ಲಕ್ಷ್ಮೀಪತಿಯವರು. ಸುದ್ದಿ ವಿಜಯನಗರಕ್ಕೆ ತಲುಪಲು ಮೂರು ದಿನ ಹಿಡಿದಿತ್ತು.

“ನಾನು ವೆಂಕಟಗಿರಿರಾಯರ ಬೀಗ. ಇನ್ನೂ ಆಗಿಲ್ಲ. ಆಗಬೇಕೋ ಬೇಡವೋ ಅಂತ ಕೇಳೋಕೆ ಬಂದೆ.”

ಸಾಹೇಬರು ಬಾಗಿಲು ಮುಚ್ಚಿಸಿ ಪಿಸುಗುಟ್ಟಿದರು: “ಏರ್ ಸಸ್ಪೆನ್ಷನ್ ಸ್ವಾಮಿ. ವಿಮಾನದಲ್ಲಿ ಬಂದಿದ್ದು.”

ಲಕ್ಷ್ಮೀಪತಿಯವರ ಹುಬ್ಬು ಇನ್ನೂ ಅರ್ಧ ಇಂಚು ಮೇಲೆ ಹೋಯಿತು. “ಹಾಗಾದ್ರೆ ಭಾನುವಾರದ ನಿಶ್ಚಿತಾರ್ಥ ನಿಲ್ಲಿಸ್ತೀನಿ. ಈಗಲೇ ಹೋಗಿ ಹೇಳಿಬರ್ತೀನಿ,” ಎಂದು ಎದ್ದರು.

ಅದೇ ಗಳಿಗೆಗೆ ಹೊರಗೆ ‘ಧಡಾರ್’ ಎಂದು ಸದ್ದಾಯಿತು.

ಉಗ್ರಪ್ಪ ಮಾತು ಉಳಿಸಿಕೊಂಡಿದ್ದ. ರಬ್ಬರ್ ಚೀಲ, ಗಾಳಿ ಪಂಪು, ಕೊಳವೆಗಳನ್ನೆಲ್ಲ ಕಿತ್ತು ಮೂಲೆಗೆ ಬಿಸಾಕಿದ. ಪಕ್ಕದ ಕುಲುಮೆಯಲ್ಲಿ ಉಕ್ಕಿನ ಸರಳನ್ನು ಕೆಂಪಗೆ ಕಾಯಿಸಿ, ಪೈಪಿಗೆ ಸುತ್ತಿಸಿ, ನಾಲ್ಕು ಸ್ಪ್ರಿಂಗ್ ಮಾಡಿಸಿದ. “ಗಟ್ಟಿ ಇರ್ಲಿ ಅಂತ ಸರಳು ಸ್ವಲ್ಪ ದಪ್ಪ ಹಾಕಿಸಿದೀನಿ ಸಾರ್. ಎತ್ತರಕ್ಕೆ ಇರ್ಲಿ ಅಂತ ಒಂದು ಸುತ್ತು ಜಾಸ್ತಿ.” ಪರಿಣಾಮವಾಗಿ ಕಾರು ಮೊದಲಿಗಿಂತ ಒಂದು ಗೇಣು ಎತ್ತರ ನಿಂತಿತು. ರಾಯರು ಕಾಲೆತ್ತಿ, ಬಾಗಿಲು ಹಿಡಿದು, ಕುದುರೆ ಏರುವಂತೆ ಏರಬೇಕಾಯಿತು. ಕಾಮಾಕ್ಷಿಪಾಳ್ಯದಿಂದ ಆಫೀಸಿನವರೆಗೆ ಅವರು ಸೀಟಿನಲ್ಲಿ ಕೂತದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಹೆಚ್ಚು. ಆದರೂ ಕಾರು ನಡೆಯುತ್ತಿತ್ತು! ಅವರಿಗೆ ಅದೇ ಆನಂದ. ಯಾರಿಗಾದರೂ ಹೇಳದಿದ್ದರೆ ಪ್ರಾಣ ನಿಲ್ಲದು ಎನ್ನಿಸಿ ನೇರವಾಗಿ ಆಫೀಸಿಗೇ ನುಗ್ಗಿದ್ದರು.

“ಸಾರ್! ಸಸ್ಪೆನ್ಷನ್ ತೆಗೆಸಿಬಿಟ್ಟೆ!” ಎನ್ನುತ್ತ ಬಾಗಿಲು ದೂಡಿ ಒಳಗೆ ಬಂದವರು ಬೀಗರನ್ನು ಕಂಡು ಅಲ್ಲಿಯೇ ಕಲ್ಲಾದರು. ಕೊನೆಗೂ ಗುಟ್ಟು ಬಯಲಾಯಿತು ಎಂದುಕೊಂಡರು.

“ಗೊತ್ತಾಗೋಯ್ತಾ ನಿಮಗೆ?”

“ಊರಿಗೇ ಗೊತ್ತಾಗಿದೆ,” ಎಂದರು ಲಕ್ಷ್ಮೀಪತಿಯವರು.

“ಮುಚ್ಚಿಟ್ಟಿದ್ದು ನನ್ನ ತಪ್ಪು. ಆದ್ರೆ ಈಗ ಸಂಪೂರ್ಣ ತೆಗೆಸಿದೀನಿ. ಇನ್ನು ಜನ್ಮದಲ್ಲಿ ಆ ತೊಂದರೆ ಬರಲ್ಲ ಅಂತ ಉಗ್ರಪ್ಪ ಗ್ಯಾರಂಟಿ ಕೊಟ್ಟಿದಾನೆ.”

ರೇವಣಸಿದ್ದಪ್ಪನವರು ಮೆಲ್ಲಗೆ ಎದ್ದು ನಿಂತರು. “ಮೂರೇ ದಿನದಲ್ಲಾ? ಅರ್ಜಿ, ವಿಚಾರಣೆ ಏನೂ ಇಲ್ದೆ?”

“ಏನೂ ಇಲ್ಲ ಸಾರ್. ಒಂದು ಸುತ್ತಿಗೆ, ಒಂದು ಜಾಕು. ಜರ್ಮನಿಯವರು ಮಾಡಿದ್ದನ್ನೇ ಕಿತ್ತು ಬಿಸಾಕಿಬಿಟ್ಟ.”

ಜರ್ಮನಿಯವರೆಗೆ ಕೈ ಚಾಚಿದ ಉಗ್ರಪ್ಪ! ಸಾಹೇಬರು ರಾಯರ ಭುಜ ಹಿಡಿದರು. “ವೆಂಕಟಗಿರಿ, ನನ್ನನ್ನ ಅವರ ಹತ್ರ ಕರ್ಕೊಂಡು ಹೋಗಯ್ಯ. ಈಗಲೇ.”

“ನಾನೂ ಬರ್ತೀನಿ,” ಎಂದರು ಲಕ್ಷ್ಮೀಪತಿಯವರು. “ಆ ಮಹಾನುಭಾವನನ್ನ ನೋಡಿಯೇ ನಿಶ್ಚಿತಾರ್ಥದ ವಿಷಯ ತೀರ್ಮಾನ ಮಾಡ್ತೀನಿ.”

ದಾರಿಯಲ್ಲಿ ಸಾಹೇಬರು ಒಂದು ಹಾರ ಕೊಂಡರು. ಕಾರು ಎರಡು ಗುಂಡಿ ದಾಟುವಷ್ಟರಲ್ಲಿ ಹಾರ ಅವರ ಕೈಯಿಂದ ಹಾರಿ ಅವರದೇ ಕೊರಳಿಗೆ ಬಿತ್ತು.

ಶೆಡ್ಡಿನಲ್ಲಿ ಒಂದು ಲಾರಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. “ಅವರೇ,” ಎಂದರು ರಾಯರು. ಸಾಹೇಬರು ಚಪ್ಪಲಿ ಬಿಟ್ಟು ಆ ಕಾಲುಗಳ ಮುಂದೆ ಕೈಮುಗಿದು ನಿಂತರು.

“ಸ್ವಾಮಿ, ನಾನು ರೇವಣಸಿದ್ದಪ್ಪ. ಬೀದರ್‌ಗೆ ಹಾಕಿದಾರೆ.”

“ಬೀದರ್ ಏನು, ಕಾಶಿವರೆಗೂ ಹೋಗ್ತದೆ,” ಎಂದಿತು ಲಾರಿಯ ಕೆಳಗಿನ ಧ್ವನಿ. “ಎಷ್ಟು ವರ್ಷ ಹಳೇದು?”

“ಇಪ್ಪತ್ತಾರು ವರ್ಷ ಸರ್ವೀಸು.”

“ಇಪ್ಪತ್ತಾರಾ! ಹಂಗಾದ್ರೆ ತಳ ತುಕ್ಕು ಹಿಡಿದಿರ್ತದೆ. ಎರಡು ಕಡೆ ಜಾಕು ಕೊಟ್ಟು ಎತ್ತಿ ನೋಡಬೇಕು.”

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಲಕ್ಷ್ಮೀಪತಿಯವರು ಶೆಡ್ಡನ್ನೊಮ್ಮೆ, ಜಾಕನ್ನೊಮ್ಮೆ, ಮೂಲೆಯಲ್ಲಿ ಬಿದ್ದಿದ್ದ ಹರಿದ ರಬ್ಬರ್ ಚೀಲಗಳನ್ನೊಮ್ಮೆ ನೋಡಿದರು.

“ರಾಯರೇ, ಈ ಚೀಲ ಏನು?”

“ಅದೇ ಅಲ್ವಾ ಏರ್ ಸಸ್ಪೆನ್ಷನ್ನು! ನಮ್ಮ ಕಾರಿಂದು.”

ಉಗ್ರಪ್ಪ ಲಾರಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಮೂವರ ಮುಖವನ್ನೂ ನೋಡಿ ಮತ್ತೆ ಒಳಗೆ ಎಳೆದುಕೊಂಡ.

“ಅಂದ್ರೆ ನೀವು ಸಸ್ಪೆಂಡ್ ಆಗಿಲ್ಲ?” ಎಂದರು ಲಕ್ಷ್ಮೀಪತಿಯವರು.

“ನಾನಾ? ಯಾಕಾಗ್ಬೇಕು?”

“ಅಯ್ಯೋ!” ಎಂದು ಸಾಹೇಬರು ಕಿರುಚಿದರು. “ಆಗ್ತೀಯ ಕಣಯ್ಯ, ಇವತ್ತೇ ಆಗ್ತೀಯ! ನಿನ್ನ ಆದೇಶದ ಪ್ರತಿ ಕಳಿಸಿ ಅಂತ ಹೆಡ್ಡಾಫೀಸಿಗೆ ಬರೆದುಬಿಟ್ಟೆ. ಅಲ್ಲಿಯವರು ಇಲ್ಲ ಅಂತ ಒಪ್ಪಿಕೊಳ್ಳೋ ಜನ ಅಲ್ಲ. ಪ್ರತಿ ಸಿಗದೇ ಇದ್ರೆ ಹೊಸದಾಗಿ ಅಸಲನ್ನೇ ಹೊರಡಿಸಿ ಕಳಿಸ್ತಾರೆ!”

“ಕಾಗದ ಎಲ್ಲಿದೆ?”

“ಮರಿಯಪ್ಪನ ಚೀಲದಲ್ಲಿ. ಪೇಟೆಗೆ ಹೋಗೋ ಮುಂಚೆ ಹೊಸಹಳ್ಳೀಲಿರೋ ಅವನ ಮನೆಗೆ ಊಟಕ್ಕೆ ಹೋಗ್ತಾನೆ.”

“ಹತ್ತಿ!” ಎಂದರು ರಾಯರು. ಅವರ ಬಾಯಿಂದ ಸಾಹೇಬರಿಗೆ ಹೊರಟ ಮೊದಲ ಆಜ್ಞೆ ಅದು. ಉಗ್ರಪ್ಪನೂ ಹಾರಿ ಹತ್ತಿದ. “ಸ್ಪ್ರಿಂಗ್ ಹೊಸದು ಸಾರ್, ಭಾರ ಬೇಕು!” ಎಂದು ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲನ್ನೂ ಹಿಂದಿನ ಸೀಟಿಗೆ, ಲಕ್ಷ್ಮೀಪತಿಯವರ ಪಕ್ಕಕ್ಕೆ ಎತ್ತಿಟ್ಟ.

ಮಾಗಡಿ ರಸ್ತೆಯ ಜನ ಅವತ್ತು ಕಂಡದ್ದನ್ನು ಬಹಳ ದಿನ ಮಾತಾಡಿಕೊಂಡರು. ಜಟಕಾದವರು ದಾರಿ ಬಿಟ್ಟರು. ಬಸ್ಸಿನವರು ಕತ್ತು ಹೊರಹಾಕಿ ನೋಡಿದರು. ಟೋಲ್‌ಗೇಟಿನ ಹತ್ತಿರ ಪೊಲೀಸಿನವನು ಸೀಟಿ ಊದಲು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಕಾರು ಒಂದು ಗುಂಡಿಗೆ ಇಳಿದು ಅವನ ತಲೆಯ ಎತ್ತರಕ್ಕೆ ಎದ್ದದ್ದು ಕಂಡು ಸೀಟಿಯನ್ನು ಬಾಯಲ್ಲೇ ಮರೆತ. ಒಳಗೆ ನಾಲ್ವರೂ ಒಟ್ಟಿಗೆ ಮೇಲೆ ಹೋಗಿ ಒಟ್ಟಿಗೆ ಕೆಳಗೆ ಬರುತ್ತಿದ್ದರು. ಅಡಿಗಲ್ಲು ಮಾತ್ರ ಸ್ವಲ್ಪ ತಡವಾಗಿ ಬರುತ್ತಿತ್ತು.

“ಬ್ರೇಕು! ಬ್ರೇಕು!” ಎಂದರು ಸಾಹೇಬರು.

“ಕಾಲು ಸಿಗ್ತಾ ಇಲ್ಲ ಸಾರ್! ನಾನು ಮೇಲಿದೀನಿ!”

ಹೊಸಹಳ್ಳಿಯ ಮೋರಿಯೊಂದನ್ನು ಕಾರು ಮುಟ್ಟದೆಯೇ ದಾಟಿ, ಹತ್ತು ಕೋಳಿಗಳನ್ನು ಸೂರಿಗೆ ಹತ್ತಿಸಿ, ಮರಿಯಪ್ಪನ ಹುಲ್ಲಿನ ಬಣವೆಗೆ ಮೂತಿ ಹಾಕಿ ನಿಂತಿತು. ಒಳಗಿನಿಂದ ಅವನ ಹೆಂಡತಿ ಲಿಂಗಮ್ಮ ಓಡಿಬಂದಳು. “ಏನ್ರಪ್ಪೋ ಇದು, ಕಾರಾ ಕುದ್ರೆನಾ?”

ಮರಿಯಪ್ಪ ಮುದ್ದೆ ಮುಗಿಸಿ, ಚೀಲ ಹೆಗಲಿಗೆ ಹಾಕಿ, ಸೈಕಲ್ ಮೇಲೆ ಒಂದು ಕಾಲು ಇಟ್ಟಿದ್ದ.

“ಆ ಕಾಗದ ಕೊಡು ಮರಿಯಪ್ಪ!” ಎಂದರು ಸಾಹೇಬರು, ಹುಲ್ಲು ಕೊಡವಿಕೊಳ್ಳುತ್ತ.

“ಆಗಾಕಿಲ್ಲ ಸಾಮಿ. ಟಪಾಲು ಪುಸ್ತಕಕ್ಕೆ ಏರ್ಸಿಬಿಟ್ಟೀನಿ. ಏರ್ಸಿದ್ದು ಇಳ್ಸೋ ಅಧಿಕಾರ ನನಗಿಲ್ಲ.”

“ಅದನ್ನ ಬರೆದವನೇ ನಾನು ಕಣಯ್ಯ!”

“ಬರೆದೋರು ನೀವೇಯ. ಈಗ ಅದು ಹೆಡ್ಡಾಫೀಸ್ನೋರ ಸ್ವತ್ತು. ಕಾಲ ಬೇರೆ ಸರಿ ಇಲ್ಲ, ನನಗೂ ಸಸ್ಪೆನ್ಷನ್ ಆದ್ರೆ?”

ಆ ಪದ ಕೇಳಿ ನಾಲ್ವರೂ ಬೆಚ್ಚಿದರು. ಕೊನೆಗೆ ಒಂದು ಒಪ್ಪಂದವಾಯಿತು. ಸಾಹೇಬರು ಪುಸ್ತಕದಲ್ಲಿ ಕಾರಣ ಬರೆದು ರುಜು ಮಾಡಿದರೆ ಮರಿಯಪ್ಪ ಕಾಗದ ಕೊಡುತ್ತಾನೆ. ಸಾಹೇಬರು ದನದ ಕೊಟ್ಟಿಗೆಯ ಗೋಡೆಗೆ ಪುಸ್ತಕ ಒತ್ತಿಕೊಂಡು ಬರೆದರು: ‘ಕಾಗದ ಹಿಂಪಡೆದಿದೆ. ಕಾರಣ: ಸದರಿ ಸಸ್ಪೆನ್ಷನ್ ನೌಕರನದಲ್ಲ, ಕಾರಿನದು.’ ಮರಿಯಪ್ಪ ಅಕ್ಷರ ಅಕ್ಷರ ಕೂಡಿಸಿ ಎರಡು ಸಲ ಓದಿದ. ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ಇದು ಸರ್ಕಾರಿ ಭಾಷೆಯೇ ಎಂದು ಖಾತ್ರಿಯಾಗಿ ಕಾಗದ ಕೊಟ್ಟ. ಸಾಹೇಬರು ಅದನ್ನು ಚೂರು ಚೂರು ಮಾಡಿದರು. ಚೂರುಗಳನ್ನು ಹಸು ತಿಂದಿತು.

ರಾಯರು ಬೀಗರ ಕಡೆ ತಿರುಗಿದರು. ಲಕ್ಷ್ಮೀಪತಿಯವರು ಲಿಂಗಮ್ಮ ಕೊಟ್ಟ ಮಜ್ಜಿಗೆ ಹಿಡಿದು ಜಗುಲಿಯ ಮೇಲೆ ಕೂತಿದ್ದರು. ಅವರ ಕನ್ನಡಕ ಎಲ್ಲೋ ಮಾಗಡಿ ರಸ್ತೆಯಲ್ಲಿ ಉಳಿದಿತ್ತು. ಮೈ ಇನ್ನೂ ತಾನಾಗಿಯೇ ಸಣ್ಣಗೆ ಕುಣಿಯುತ್ತಿತ್ತು.

“ನಿಶ್ಚಿತಾರ್ಥ...” ಎಂದರು ರಾಯರು.

ಲಕ್ಷ್ಮೀಪತಿಯವರು ಮೊದಲು ಕೆಮ್ಮಿದರು. ಆಮೇಲೆ ಹೊಟ್ಟೆ ಅಲ್ಲಾಡಿತು. ಆಮೇಲೆ ಮೂವತ್ತು ವರ್ಷ ಮೇಲೆಯೇ ಇದ್ದ ಹುಬ್ಬುಗಳು ಕೆಳಗಿಳಿದು, ಬಾಯಿ ತೆರೆದು, ಮಜ್ಜಿಗೆ ಚೆಲ್ಲುವ ಹಾಗೆ ನಕ್ಕರು. ಅವರು ನಕ್ಕದ್ದು ಕಂಡು ಸಾಹೇಬರು ನಕ್ಕರು, ಉಗ್ರಪ್ಪ ನಕ್ಕ, ಏನೂ ತಿಳಿಯದ ಲಿಂಗಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಭಾನುವಾರ ಬರ್ತೀವಿ ರಾಯರೇ,” ಎಂದರು ಲಕ್ಷ್ಮೀಪತಿಯವರು ಕಣ್ಣೊರೆಸಿಕೊಂಡು. “ನಿಮ್ಮ ಹುಡುಗಿ ಒಪ್ಪಿಗೆ, ನೀವು ಒಪ್ಪಿಗೆ, ಎಲ್ಲಾ ಒಪ್ಪಿಗೆ. ಆದ್ರೆ ದಯವಿಟ್ಟು ನಮ್ಮನ್ನ ಕರ್ಕೊಂಡು ಹೋಗೋಕೆ ನೀವು ಬರಬೇಡಿ. ನಾವು ಬಸ್ಸಲ್ಲಿ ಬರ್ತೀವಿ.”